ಕ್ಯಾಸನೂರು ಕಾಡಿನ ಕಾಯಿಲೆ (ಮಂಗನ ಕಾಯಿಲೆ): ಸ್ಥಳೀಯ ಕಣ್ಗಾವಲು ಹಾಗೂ ನಿಯಂತ್ರಣ ಕ್ರಮಗಳು

ಪೀಠಿಕೆ

ಕ್ಯಾಸನೂರು ಕಾಡಿನ ಕಾಯಿಲೆಯು ವೈರಾಣುವಿನಿಂದ ಉಂಟಾಗಿ, ಉಣುಗುಗಳ ಮೂಲಕ ಹರಡುವ ರೋಗವಾಗಿದೆ. ಈ ರೋಗದಿಂದ ಮಂಗಗಳೂ ಸಾಯುವುದರಿಂದ ಮಲೆನಾಡಿನಲ್ಲಿ ಇದು ಮಂಗನ ಕಾಯಿಲೆ ಎಂದೇ ಪರಿಚಿತ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಮಂಗಗಳ ಸಾವು ಹಾಗೂ ಜನರಲ್ಲಿ ತೀವ್ರ ಜ್ವರ ಕಂಡುಬಂದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ವೈರಾಣುವನ್ನು ಪ್ರಥಮವಾಗಿ ಪತ್ತೆ ಹಚ್ಚಿದರು. ಬಹುಕಾಲ ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳಿಗೆ ಸೀಮಿತವಾಗಿದ್ದ ರೋಗವು 2012ರಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿಯೂ, ತದನಂತರ ಕೇರಳದ ವಯನಾಡು, ಗೋವಾ (2015) ಮತ್ತು ಮಹಾರಾಷ್ಟ್ರದ ಸಿಂಧುದುರ್ಗ (2016) ಪ್ರದೇಶಗಳಲ್ಲಿಯೂ ವರದಿಯಾಯಿತು.

ರೋಗ ಹರಡುವ ವಿಧಾನ

ಸೋಂಕಿತ ಮಂಗವು ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಕಳೇಬರವನ್ನು ತೊರೆದು ನೆಲಕ್ಕೆ ಉದುರುತ್ತವೆ. ಇದರಿಂದ ಆ ಸ್ಥಳವು ರೋಗದ ಕೇಂದ್ರವಾಗುತ್ತದೆ. ಸೊಪ್ಪು, ಸೌದೆ ಮತ್ತು ತರಗೆಲೆ ಸಂಗ್ರಹಿಸಲು ಅಥವಾ ದನ ಮೇಯಿಸಲು ಅಲ್ಲಿಗೆ ಹೋದವರಿಗೆ ಉಣುಗಿನ ಮರಿಗಳು ಕಚ್ಚಿದಾಗ ರೋಗ ತಗಲುತ್ತದೆ. ಮೇದು ಬರುವ ಜಾನುವಾರುಗಳ ಮೈಯಲ್ಲಿಯೂ, ಕೊಟ್ಟಿಗೆಗೆ ಹಾಸಲು ತರುವ ತರಗೆಲೆಯಲ್ಲಿಯೂ ಉಣುಗುಗಳು ಮನೆಯಂಗಳವನ್ನು ತಲುಪಬಲ್ಲವು. ಮನುಷ್ಯರಿಂದ ಮನುಷ್ಯರಿಗೆ ಈ ರೋಗ ಹರಡುವುದಿಲ್ಲ. ನವೆಂಬರ್‌ನಿಂದ ಮೇ ತಿಂಗಳವರೆಗೆ ರೋಗದ ಹಾವಳಿ ಇರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಅಧಿಕ.

ರೋಗ ಲಕ್ಷಣಗಳು

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ತನೆ ಚಳಿ ಸಹಿತ ತೀವ್ರ ಜ್ವರ, ಹಣೆ ಭಾಗದ ತಲೆನೋವು, ಸೊಂಟ ಹಾಗೂ ಕೈಕಾಲುಗಳ ಸ್ನಾಯು ನೋವು, ವಾಂತಿ, ಭೇದಿ, ಕಣ್ಣು ಕೆಂಪಾಗುವಿಕೆ ಮತ್ತು ಅತೀವ ನಿಶ್ಶಕ್ತಿ ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಮೂಗು, ಒಸಡು ಅಥವಾ ಕರುಳಿನಿಂದ ರಕ್ತಸ್ರಾವವಾಗಬಹುದು. ಜ್ವರ ಬಿಟ್ಟು ಒಂದೆರಡು ವಾರಗಳ ತರುವಾಯ ಕೆಲವು ರೋಗಿಗಳಲ್ಲಿ ಮತ್ತೆ ಜ್ವರ ಬಂದು ಮಿದುಳಿಗೆ ಸಂಬಂಧಿಸಿದ ಲಕ್ಷಣಗಳು ತೋರುವುದರಿಂದ, ಗುಣಮುಖರಾದವರ ಮೇಲೂ ನಿಗಾ ಅಗತ್ಯ. ರೋಗಕ್ಕೆ ತುತ್ತಾದವರಲ್ಲಿ ಶೇಕಡ 3ರಿಂದ 5ರಷ್ಟು ಮಂದಿ ಮರಣ ಹೊಂದುವ ಸಂಭವವಿದೆ. ನಿರ್ದಿಷ್ಟ ಔಷಧಿ ಇಲ್ಲ. ಸಕಾಲದಲ್ಲಿ ದೊರೆಯುವ ಪೂರಕ ಚಿಕಿತ್ಸೆಯೇ ಜೀವ ಉಳಿಸುತ್ತದೆ.

ಕಣ್ಗಾವಲು ವ್ಯವಸ್ಥೆ

1. ಮಂಗಗಳ ಸಾವಿನ ವರದಿ: ಕೆಂಪು ಮೂತಿಯ ಹಾಗೂ ಕಪ್ಪು ಮೂತಿಯ ಮಂಗಗಳ ಸಾವು ರೋಗದ ಮೊದಲ ಮುನ್ಸೂಚನೆಯಾಗಿದೆ. ಅರಣ್ಯ ಸಿಬ್ಬಂದಿ, ಗ್ರಾಮ ಪಂಚಾಯಿತಿ ಮತ್ತು ಆಶಾ ಕಾರ್ಯಕರ್ತೆಯರ ಮೂಲಕ ಮಾಹಿತಿಯು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ತಲುಪುತ್ತದೆ. ಪಶುವೈದ್ಯರು ಮರಣೋತ್ತರ ಪರೀಕ್ಷೆ ನಡೆಸಿ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ.

2. ಉಣುಗುಗಳ ಪರೀಕ್ಷೆ: ಕಾಡಿನಂಚಿನಲ್ಲಿ ಬಟ್ಟೆಯನ್ನು ನೆಲದ ಮೇಲೆ ಎಳೆದು, ಅದಕ್ಕೆ ಅಂಟಿದ ಉಣುಗುಗಳನ್ನು ಸಂಗ್ರಹಿಸಿ ವೈರಾಣು ಇರುವಿಕೆಯನ್ನು ಪರೀಕ್ಷಿಸಲಾಗುತ್ತದೆ.

3. ಜ್ವರ ಸಮೀಕ್ಷೆ: ಸಿಬ್ಬಂದಿಯು ಮನೆ ಮನೆಗೆ ಭೇಟಿ ನೀಡಿ ಜ್ವರಪೀಡಿತರನ್ನು ಗುರುತಿಸುತ್ತಾರೆ. ಜ್ವರದ ಆರಂಭದ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಹಾಗೂ ನಂತರದ ದಿನಗಳಲ್ಲಿ ಐಜಿಎಂ ಎಲೈಸಾ ಪರೀಕ್ಷೆಯ ಮೂಲಕ ರೋಗ ಖಚಿತಪಡಿಸಲಾಗುತ್ತದೆ.

ನಿಯಂತ್ರಣ ಕ್ರಮಗಳು

ಮಂಗ ಸತ್ತ ಸ್ಥಳದ ಸುತ್ತ ಮೆಲಾಥಿಯಾನ್ ಪುಡಿ ಸಿಂಪಡಿಸಿ, ಕಳೇಬರವನ್ನು ಸುಡಲಾಗುತ್ತದೆ. ಆ ಪ್ರದೇಶಕ್ಕೆ ಹೋಗದಂತೆ ಗ್ರಾಮಸ್ಥರಿಗೆ ತಿಳಿವಳಿಕೆ ನೀಡಿ, ಉಣುಗು ನಿವಾರಕ ಡೆಪಾ ತೈಲವನ್ನು ವಿತರಿಸಲಾಗುತ್ತದೆ. 2018ರ ಡಿಸೆಂಬರ್‌ನಿಂದ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ರೋಗ ಉಲ್ಬಣಿಸಿ ಹಲವರು ಮೃತಪಟ್ಟರು. ಸ್ಥಳೀಯ ಮಟ್ಟದ ಎಚ್ಚರಿಕೆಯ ಮಹತ್ವವನ್ನು ಈ ಘಟನೆಯು ಮನಗಾಣಿಸಿದೆ.

ಲಸಿಕೆಯ ಕುರಿತು

ರಾಜ್ಯದಲ್ಲಿ 1990ರಿಂದ ಲಸಿಕೆ ನೀಡಲಾಗುತ್ತಿತ್ತು. 2005-2010ರ ಅವಧಿಯ ಅಧ್ಯಯನದಲ್ಲಿ ಎರಡು ವರಸೆಗಳಿಂದ ಸುಮಾರು ಶೇಕಡ 62ರಷ್ಟು, ಹೆಚ್ಚುವರಿ ವರಸೆ ಸೇರಿದಾಗ ಸುಮಾರು ಶೇಕಡ 83ರಷ್ಟು ರಕ್ಷಣೆ ಕಂಡುಬಂದಿತ್ತು. ಸಾಮರ್ಥ್ಯ ಕುಂದಿದ ಕಾರಣ 2022ರಲ್ಲಿ ಈ ಲಸಿಕೆಯನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹೊಸ ಲಸಿಕೆಯ ಅಭಿವೃದ್ಧಿಯನ್ನು ಕೈಗೊಂಡಿದೆ. ಹಿಂದೆ ಹಳೆಯ ಲಸಿಕೆ ಪಡೆದವರೂ ತಾವು ಸುರಕ್ಷಿತರೆಂದು ಭಾವಿಸಬಾರದು.

ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

• ಸತ್ತ ಮಂಗವನ್ನು ಮುಟ್ಟದೆ, ಹೂಳದೆ, ಕೂಡಲೇ ಗ್ರಾಮ ಪಂಚಾಯಿತಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು.
• ಕಾಡಿಗೆ ಹೋಗುವ ಮುನ್ನ ಕೈಕಾಲುಗಳಿಗೆ ತೈಲ ಲೇಪಿಸಿ, ಮೈ ತುಂಬ ಬಟ್ಟೆ ಧರಿಸುವುದು.
• ಹಿಂದಿರುಗಿದ ಕೂಡಲೇ ಬಿಸಿನೀರು ಮತ್ತು ಸೋಪಿನಿಂದ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು.
• ಮಂಗ ಸತ್ತ ಪ್ರದೇಶದಿಂದ ತರಗೆಲೆ, ಸೊಪ್ಪು ತರದಿರುವುದು. ಅಲ್ಲಿ ದನ ಮೇಯಿಸದಿರುವುದು.
• ಜ್ವರ ಬಂದಲ್ಲಿ ಸ್ವಯಂ ಚಿಕಿತ್ಸೆ ಮಾಡಿಕೊಳ್ಳದೆ, ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಿಳಿಸುವುದು.

ಮಂಗ ಸತ್ತ ದಿನಕ್ಕೂ ಊರಿನಲ್ಲಿ ಮೊದಲ ಜ್ವರ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ದೊರೆಯುವ ಕೆಲವೇ ದಿನಗಳ ಅವಕಾಶವನ್ನು ಕಳೆದುಕೊಳ್ಳದಿರಲು ಸಾರ್ವಜನಿಕರ ಸಹಕಾರವನ್ನು ಕೋರಲಾಗಿದೆ.