ಪಗಾರದ ಚೀಟಿ

ಈಚೆಗೆ ಒಂದು ರವಿವಾರ ಮುಂಜಾನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಟಗೇರಿಯ ನಮ್ಮ ಮನೆಗೆ ಬಂದಳು. ಶೇಕಡಾವಾರು ಲೆಕ್ಕವೆಂದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ ಹುಡುಗಿ. ಈಗ ಹುಬ್ಬಳ್ಳಿಯ ಒಂದು ಖಾಸಗಿ ಸಂಸ್ಥೆಯಲ್ಲಿ ಆರು ವರ್ಷಗಳಿಂದ ದುಡಿಯುತ್ತಿದ್ದಾಳೆ. ಚಹಾ ಆದ ಮೇಲೆ ಚೀಲದಿಂದ ಮಡಚಿದ ಕಾಗದವೊಂದನ್ನು ತೆಗೆದು, "ಸರ, ಇದನ್ನ ಒಂದ್ ಸ್ವಲ್ಪ ನೋಡ್ರಿ. ಎಲ್ಲಾ ಬರೋಬರಿ ಐತೇನ್ರಿ?" ಎಂದಳು. ಅದು ಅವಳ ಪಗಾರದ ಚೀಟಿ.

ಚೀಟಿಯನ್ನು ಕೈಯಲ್ಲಿ ಹಿಡಿದಾಗ ನನಗೆ ಮೊದಲು ನೆನಪಾದವರು ನನ್ನ ತಂದೆ. ಇಪ್ಪತ್ತೈದು ವರ್ಷ ದುಡಿದ ಅವರ ಕೈಗೆ ಇಂಥದೊಂದು ಕಾಗದ ಒಮ್ಮೆಯೂ ಬರಲಿಲ್ಲ.

ಪಗಾರ ಎಂಬುದು ಮೂಲತಃ ಪೋರ್ತುಗೀಸರ ಮಾತು. ಹಣ ಸಲ್ಲಿಸುವುದು ಎಂಬರ್ಥದ ಅವರ ಶಬ್ದ ಮರಾಠಿಯನ್ನು ಹಾದು ನಮ್ಮ ಸೀಮೆಗೆ ಬಂತು. ಶಬ್ದ ಬಂದಷ್ಟು ಸುಲಭವಾಗಿ ಅದರ ಲೆಕ್ಕ ದುಡಿಯುವವನ ಕೈಗೆ ಬರಲಿಲ್ಲ. ಆ ಲೆಕ್ಕದ ಚರಿತ್ರೆಯನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಗದಗ-ಬೆಟಗೇರಿ ಮಗ್ಗಕ್ಕೂ ಮುದ್ರಣಕ್ಕೂ ಹೆಸರಾದ ಅವಳಿ ಊರು. ನನ್ನ ತಂದೆ 1954ರಲ್ಲಿ ಗದಗಿನ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದರು. ಪುಟಕ್ಕಿಷ್ಟು ಎಂದು ಲೆಕ್ಕ. ಕರಡು ತಿದ್ದಿ ಮತ್ತೆ ಜೋಡಿಸಿದ್ದಕ್ಕೆ ಬೇರೆ ಕೂಲಿಯಿಲ್ಲ. ಎಷ್ಟು ಪುಟವಾಯಿತೆಂಬುದು ಮಾಲಕರ ವಹಿಯಲ್ಲಿ ಇರುತ್ತಿತ್ತು. ತಿಂಗಳ ಕೊನೆಗೆ ಅವರು ಎಣಿಸಿ ಕೊಟ್ಟದ್ದೇ ಪಗಾರ. ಅಪ್ಪ ಅಡಿಗೆಮನೆಯ ಗೋಡೆಯ ಮೇಲೆ ಇದ್ದಲಿಯಿಂದ ಗೀಟು ಹಾಕಿ ತಮ್ಮದೊಂದು ಲೆಕ್ಕ ಇಟ್ಟಿದ್ದರು. ಎರಡೂ ಕೂಡದಿದ್ದ ತಿಂಗಳು ಅವ್ವ, "ವಹಿ ನೋಡಿ ಬರ್ರಿ" ಎನ್ನುವಳು. ಅಪ್ಪ ಹೋಗಿ ಕೇಳಿದ್ದನ್ನು ನಾನು ಕಾಣೆ.

ಕಾನೂನು ಇರಲಿಲ್ಲವೆಂದಲ್ಲ. ಮುಂಬಯಿಯ ಗಿರಣಿಗಳಲ್ಲಿ ಒಂದು ದಿನ ತಪ್ಪಿಸಿದರೆ ಎರಡು ದಿನದ ಕೂಲಿ ಮುರಿಯುವ ಪದ್ಧತಿಯಿತ್ತು. ಕೆಟ್ಟ ಬಟ್ಟೆಯನ್ನು ನೇಯ್ದವನ ತಲೆಗೇ ಕಟ್ಟಿ ಬೆಲೆ ಹಿಡಿದುಕೊಳ್ಳುತ್ತಿದ್ದರು. 1929ರಲ್ಲಿ ನೇಮಕವಾದ ವಿಟ್ಲಿ ಆಯೋಗ ದಂಡ ಮತ್ತು ಕಡಿತಗಳಿಗೆ ಮಿತಿ ಬೇಕೆಂದಿತು. ಅದರ ಫಲವೇ 1936ರ ವೇತನ ಪಾವತಿ ಕಾಯ್ದೆ. ಸಾವಿರಕ್ಕಿಂತ ಕಡಿಮೆ ಜನರಿರುವಲ್ಲಿ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಪಗಾರ ಕೊಡಬೇಕು, ಹೇಳಿದ ಕಾರಣಗಳಿಗಲ್ಲದೆ ಬೇರಾವುದಕ್ಕೂ ಹಣ ಹಿಡಿಯಕೂಡದು ಎಂದು ಅದು ವಿಧಿಸಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕನಿಷ್ಠ ವೇತನ ಕಾಯ್ದೆ ಬಂತು.

ಮುಪ್ಪಿನ ಕಾಲದ ಹಣದ ಕಥೆ 1951ರ ನವೆಂಬರ್ 15ರ ಸುಗ್ರೀವಾಜ್ಞೆಯಿಂದ ಆರಂಭ. 1952ರಲ್ಲಿ ಅದು ಭವಿಷ್ಯನಿಧಿ ಕಾಯ್ದೆಯಾಯಿತು. ಮೊದಲಿಗೆ ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ-ಉಕ್ಕು, ಕಾಗದ, ಜವಳಿ ಈ ಆರು ಉದ್ಯಮಗಳಿಗೆ, ಅದೂ ಐವತ್ತು ಜನರಿದ್ದ ಕಡೆಗೆ ಮಾತ್ರ. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ ಆರೂಕಾಲು ದುಡಿಯುವವನದು, ಅಷ್ಟೇ ಮಾಲಕನದು. ಮುದ್ರಣ ಉದ್ಯಮ 1956ರಲ್ಲಿ ಸೇರಿತು. ಪುಸ್ತಕ ಕಟ್ಟುವ ಕೆಲಸವೂ ಅದರೊಳಗೇ ಬಂತು. 1960ರ ತಿದ್ದುಪಡಿ ಐವತ್ತನ್ನು ಇಪ್ಪತ್ತಕ್ಕೆ ಇಳಿಸಿತು.

ನನ್ನ ತಂದೆಯ ಮುದ್ರಣಾಲಯದಲ್ಲಿ ಇದ್ದವರು ಹದಿನಾಲ್ಕು ಜನ. ಹಿತ್ತಲಿನ ಬೈಂಡಿಂಗ್ ಖಾನೆಯಲ್ಲಿ ಒಂಬತ್ತು ಜನ. ಅದಕ್ಕೆ ಬೇರೆ ಹೆಸರಿನ ಫಲಕ, ಬೇರೆ ವಹಿ. ಆದರೆ ಮಾಲಕರು ಒಬ್ಬರೇ, ಕೀಲಿಕೈ ಒಂದೇ. "ನಮ್ಮಲ್ಲಿ ಇಪ್ಪತ್ತು ಮಂದಿ ಇಲ್ಲ, ಅದಕ್ಕ ಫಂಡ್ ಇಲ್ಲ" ಎಂಬ ಮಾತನ್ನು ಅಪ್ಪ ಕೊನೆಯವರೆಗೂ ನಂಬಿದ್ದರು, ನಾನೂ ನಂಬಿದ್ದೆ. 1979ರಲ್ಲಿ ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ಒಂದು ಧೋತರ, ಒಂದು ತೆಂಗಿನಕಾಯಿ, ನೂರಾ ಒಂದು ರೂಪಾಯಿ ಕೊಟ್ಟು ಕಳಿಸಿದರು. ನಿವೃತ್ತನಾದ ಮೇಲೆ ಕಾಯ್ದೆಯ ಪುಸ್ತಕ ತಿರುವುವಾಗ ಕಣ್ಣಿಗೆ ಬಿದ್ದದ್ದು: ಅದೇ 1960ರ ತಿದ್ದುಪಡಿ 2-ಎ ಎಂಬ ಕಲಮನ್ನೂ ಸೇರಿಸಿತ್ತು. ಒಂದು ಸಂಸ್ಥೆಯ ವಿಭಾಗಗಳೂ ಶಾಖೆಗಳೂ, ಒಂದೇ ಜಾಗದಲ್ಲಿರಲಿ ಬೇರೆಡೆ ಇರಲಿ, ಒಂದೇ ಸಂಸ್ಥೆಯೆಂದು ಎಣಿಸತಕ್ಕದ್ದು ಎಂಬುದು ಅದರ ಅರ್ಥ. ಹದಿನಾಲ್ಕಕ್ಕೆ ಒಂಬತ್ತು ಕೂಡಿಸಿದರೆ ಇಪ್ಪತ್ಮೂರು. ಊರಿನ ಮಕ್ಕಳಿಗೆಲ್ಲ ಕೂಡುವ ಲೆಕ್ಕ ಕಲಿಸಿದವನು ನಾನು, ಇದೊಂದನ್ನು ಕೂಡಿಸಲಿಲ್ಲ. ತಿಂಗಳಿಗೆ ಸರಾಸರಿ 120 ರೂಪಾಯಿ ಹಿಡಿದರೂ ಅಪ್ಪನದು ಏಳೂವರೆ, ಮಾಲಕರದು ಏಳೂವರೆ, ವರ್ಷಕ್ಕೆ 180. ಹದಿನೆಂಟು ವರ್ಷಕ್ಕೆ ಬಡ್ಡಿ ಬಿಟ್ಟು 3,240 ರೂಪಾಯಿ. ಆ ಕಾಲದಲ್ಲಿ ಅದು ಸಣ್ಣ ಮೊತ್ತವಲ್ಲ. ಮುದ್ರಣಾಲಯ ಮುಚ್ಚಿ ಬಹಳ ವರ್ಷವಾಯಿತು, ಮಾಲಕರೂ ಇಲ್ಲ. ಹೆಸರು ಬರೆದು ಪ್ರಯೋಜನವಿಲ್ಲ.

ಇನ್ನೊಂದು ಮಾತು. ಬೀಡಿ ಕಾರ್ಮಿಕರ ವಿಷಯದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ, ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರೂ ಭವಿಷ್ಯನಿಧಿಗೆ ಅರ್ಹ ನೌಕರರೇ ಎಂದು ತೀರ್ಪಿತ್ತಿತು. ಅದನ್ನು ಓದಿದಾಗ ಸಾವಕಾರರಿಂದ ನೂಲು ತಂದು ಮನೆಯಲ್ಲೇ ಮಜೂರಿಗೆ ಸೀರೆ ನೇಯುತ್ತಿದ್ದ ನಮ್ಮ ಓಣಿಯವರು ನೆನಪಾದರು. ಅವರ ಪಾಲಿಗೆ ಆ ಪ್ರಶ್ನೆಯನ್ನು ಎತ್ತಿದವರನ್ನು ನಾನು ಕಂಡಿಲ್ಲ.

ಇರಲಿ, ಹುಡುಗಿಯ ಚೀಟಿಗೆ ಬರೋಣ. ಮೂಲವೇತನ 6,000, ‘ಇತರ ಭತ್ಯೆ’ 9,000, ಭವಿಷ್ಯನಿಧಿ ಕಡಿತ 720. ಆರು ಸಾವಿರಕ್ಕೆ ಶೇಕಡಾ 12 ಎಂದರೆ 720, ಗುಣಾಕಾರದಲ್ಲಿ ತಪ್ಪಿಲ್ಲ. "ಹಂಗಾದ್ರ ಬರೋಬರಿ ಐತಲ್ರಿ ಸರ" ಎಂದಳು. ಆ ಒಂಬತ್ತು ಸಾವಿರ ಯಾತಕ್ಕೆ ಎಂದು ಕೇಳಿದೆ. ಎಲ್ಲರಿಗೂ ಪ್ರತಿ ತಿಂಗಳೂ ಕೊಡುತ್ತಾರೆ, ಯಾತಕ್ಕೋ ಗೊತ್ತಿಲ್ಲ ಎಂದಳು. ತೊಡಕು ಇರುವುದೇ ಅಲ್ಲಿ. 2019ರ ಫೆಬ್ರುವರಿ 28ರಂದು ಸುಪ್ರೀಂ ಕೋರ್ಟ್, ಎಲ್ಲ ನೌಕರರಿಗೂ ಸಾಮಾನ್ಯವಾಗಿ ಕೊಡುವ ಇಂಥ ಭತ್ಯೆಯನ್ನು ಮೂಲವೇತನವೆಂದೇ ಹಿಡಿದು ಭವಿಷ್ಯನಿಧಿ ಎಣಿಸಬೇಕೆಂದು ಹೇಳಿದೆ. (ಆ ಪ್ರಕರಣಗಳಲ್ಲಿ ಪಶ್ಚಿಮ ಬಂಗಾಳದ ಒಂದು ಶಾಲೆಯೂ ಇತ್ತು. ಖಾಸಗಿ ಶಾಲೆಗಳಲ್ಲಿರುವ ನನ್ನ ಶಿಷ್ಯರು ಗಮನಿಸಬೇಕು.) ಮನೆಬಾಡಿಗೆ ಭತ್ಯೆ, ಹೆಚ್ಚುವರಿ ವೇಳೆಯ ಕೂಲಿ ಮುಂತಾದವು ಬೇರೆ. ಆ ಲೆಕ್ಕದಂತೆ 15,000ಕ್ಕೆ ಶೇಕಡಾ 12, ಅಂದರೆ 1,800 ಅವಳದು, 1,800 ಸಂಸ್ಥೆಯದು. ಸಂಸ್ಥೆಯ ಪಾಲಿನಲ್ಲಿ ಶೇಕಡಾ 8.33ರಂತೆ 1,250 ರೂಪಾಯಿ 1995ರ ಪಿಂಚಣಿ ಯೋಜನೆಗೆ, ಉಳಿದ 550 ಅವಳ ನಿಧಿಗೆ. 6,000ದ ಮೇಲೆ ಎಣಿಸಿದರೆ ಪಿಂಚಣಿಗೆ ಹೋಗುವುದು 500 ಮಾತ್ರ.

"ಆದ್ರ ಸರ, 1,800 ಮುರದ್ರ ಕೈಗೆ ಬರೋದು ಕಡಿಮಿ ಆಗ್ತೈತಲ್ರಿ" ಎಂದು ಸಂಕೋಚದಿಂದ ಹೇಳಿದಳು. ಈ ಮಾತನ್ನು ತಳ್ಳಿಹಾಕಲಾಗದು. ಮಾಲಕರಿಗೆ ಉಳಿತಾಯ, ದುಡಿಯುವವನಿಗೆ ಇವತ್ತಿನ ಗಂಜಿ. ಇಬ್ಬರೂ ಒಪ್ಪಿ ನಾಳಿನದನ್ನು ಕಡಿಮೆ ಮಾಡುವ ಏರ್ಪಾಡು ಇದು. ಆದರೆ ಅವಳಿಂದ ಮುರಿಯದ 1,080ರ ಜೊತೆಗೆ ಸಂಸ್ಥೆ ಕೊಡದ 1,080ವೂ ಪ್ರತಿ ತಿಂಗಳು ಹೋಗುತ್ತಿದೆಯೆಂದು ಬರೆದು ತೋರಿಸಿದಾಗ ಸುಮ್ಮನೆ ಕುಳಿತಳು.

ಇನ್ನು ಹಿಡಿದ ಹಣ ಖಾತೆಗೆ ಸೇರಿದೆಯೆ ಎಂಬ ಪ್ರಶ್ನೆ. ಹಿಂದೆ ವರ್ಷಕ್ಕೊಮ್ಮೆ ನಮೂನೆ 23 ಎಂಬ ಲೆಕ್ಕಪತ್ರ ಬರುತ್ತಿತ್ತು, ಅದೂ ಮಾಲಕರ ಮೂಲಕವೇ. 2014ರಲ್ಲಿ ಒಬ್ಬರಿಗೆ ಒಂದೇ ಖಾತೆಸಂಖ್ಯೆ ಕೊಡುವ ಕ್ರಮ ಬಂದ ಮೇಲೆ ನೌಕರನೇ ಪಾಸ್‌ಬುಕ್ ತೆರೆದು ನೋಡುವಂತಾಯಿತು. ಇಡೀ ಚರಿತ್ರೆಯಲ್ಲಿ ನನಗೆ ಅತಿ ದೊಡ್ಡದೆನಿಸುವ ಬದಲಾವಣೆ ಇದು. ವಹಿ ಕೊನೆಗೂ ಆಚೆ ಬಂತು. ಅವಳ ಮೊಬೈಲಿನಲ್ಲಿ ಪಾಸ್‌ಬುಕ್ ತೆರೆದು, ಚೀಟಿಗಳನ್ನು ಪಕ್ಕಕ್ಕಿಟ್ಟುಕೊಂಡು ತಿಂಗಳು ತಿಂಗಳಾಗಿ ಟಿಕ್ ಹಾಕಿದೆವು. ನಾಲ್ಕು ತಿಂಗಳ ಹಣ ಹಿಡಿದಿದ್ದಾರೆ, ಕಟ್ಟಿಲ್ಲ. 1973ರಲ್ಲೇ ದಂಡಸಂಹಿತೆಗೆ ವಿವರಣೆ ಸೇರಿಸಿ ಇದನ್ನು ನಂಬಿಕೆದ್ರೋಹವೆಂದು ಪರಿಗಣಿಸಿದ್ದಾರೆ.

ಕೇಳಿದರೆ ಸಿಗುತ್ತದೆಯೆ ಎಂದು ಕೇಳುವವರಿಗೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ತೋರಿಸುತ್ತೇನೆ. ಮಾಲಕರ ಪಾಲಿನ ಭವಿಷ್ಯನಿಧಿಯನ್ನು 58 ವರ್ಷದವರೆಗೆ ತೆಗೆಯಕೂಡದೆಂಬ 2016ರ ಫೆಬ್ರುವರಿಯ ಅಧಿಸೂಚನೆಯ ವಿರುದ್ಧ ಅವರು ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ಪೀಣ್ಯದ ಕಡೆ ಬೀದಿಗಿಳಿದರು. 19ರಂದೇ ಸರಕಾರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು. 2020ರ ಏಪ್ರಿಲ್‌ನಿಂದ ಅವರಿಗೆ ಸೇರಬೇಕಿದ್ದ, ತಿಂಗಳಿಗೆ ಸುಮಾರು 417 ರೂಪಾಯಿಯ ತುಟ್ಟಿಭತ್ಯೆಯನ್ನು ರಾಜ್ಯ ಸರಕಾರ ಮುಂದೂಡಿತು. ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ತಡೆ ನೀಡಿದ ಮೇಲೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಸಂಘಟನೆಗಳು ಬೆನ್ನು ಹತ್ತಿದ ಮೇಲೆ ಬಾಕಿ ಕೈಸೇರತೊಡಗಿತು. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಆ ತಿಂಗಳ ಚೀಟಿಯನ್ನು ಹೊಸ ದರದ ಪಟ್ಟಿಯ ಜೊತೆ ಇಟ್ಟು ನೋಡಬೇಕು.

2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ 1936 ಮತ್ತು 1948ರ ಕಾಯ್ದೆಗಳು ಸೇರಿಹೋದವು. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ ಬಾಕಿ ಕೇಳಲು ಆರು ತಿಂಗಳ ಗಡುವಿತ್ತು. ಹೊಸದರಲ್ಲಿ ಮೂರು ವರ್ಷ. ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆಯೂ ಮಾಲಕನದೇ.

ಹುಡುಗಿ ಮೊದಲು ತನ್ನ ಕಚೇರಿಯಲ್ಲೇ ಲಿಖಿತವಾಗಿ ಕೇಳಿದಳು. ಹದಿನೈದು ದಿನದಲ್ಲಿ ಎರಡು ತಿಂಗಳ ಹಣ ಖಾತೆಗೆ ಬಂತು. ಉಳಿದೆರಡಕ್ಕೆ ಭವಿಷ್ಯನಿಧಿ ಇಲಾಖೆಗೆ ದೂರು ಕೊಟ್ಟಿದ್ದಾಳೆ, ಉತ್ತರ ಬಂದಿಲ್ಲ. ಭತ್ಯೆಯ ವಿಷಯವನ್ನು ಒಬ್ಬಳೇ ಎತ್ತಲು ಅಂಜಿಕೆಯೆನ್ನುತ್ತಾಳೆ. ಜೊತೆಯ ಮೂವರನ್ನು ಕರೆದುಕೊಂಡು ಮುಂದಿನ ರವಿವಾರ ಬರುವವಳಿದ್ದಾಳೆ. ಆರು ತಿಂಗಳ ಚೀಟಿ ತರಲು ಹೇಳಿದ್ದೇನೆ.