ಜಗಲಿ ಹೋಯಿತು, ಕಾರು ಬಂತು

ಜನ ನಡೆಯುವ ದಾರಿಗೆ ಅಡ್ಡಿ ಮಾಡಿದವನಿಗೆ 12 ಪಣ ದಂಡ. ದೊಡ್ಡ ಪಶುಗಳು ಓಡಾಡುವ ದಾರಿಯಾದರೆ 24 ಪಣ. ಆನೆಯ ದಾರಿಗೋ ಹೊಲದ ದಾರಿಗೋ ಅಡ್ಡ ಬಂದರೆ 54 ಪಣ. ಈ ದರಪಟ್ಟಿ ಇರುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಾಶಾಸ್ತ್ರಿಗಳು. ಅದರಲ್ಲಿನ ರಾಜನೀತಿ, ಗೂಢಚಾರಿಕೆಗಳ ಬಗ್ಗೆ ಚರ್ಚೆ ಸಾಕಷ್ಟು ನಡೆದಿದೆ. ಬೀದಿಯಲ್ಲಿ ಮಣ್ಣು ಸುರಿದವನಿಗೆ ಎಂಟನೇ ಒಂದು ಪಣ, ಕೆಸರು ನೀರು ಕಟ್ಟಿ ನಿಲ್ಲಿಸಿದವನಿಗೆ ಕಾಲು ಪಣ ಎಂದು ಲೆಕ್ಕ ಹಾಕಿದ ಭಾಗಗಳನ್ನು ಗಮನಿಸಿದವರು ಕಡಿಮೆ. ದಾರಿ ಯಾರೊಬ್ಬರ ಸೊತ್ತೂ ಅಲ್ಲ, ಅದನ್ನು ತಡೆದವನು ಊರಿಗೆಲ್ಲ ಸಾಲಗಾರ ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ ಎನ್ನಲು ಇಷ್ಟು ಸಾಕು.

ಈಗ ಬೆಂಗಳೂರಿನ ಯಾವುದಾದರೂ ವಸತಿ ಬಡಾವಣೆಯ ಅಡ್ಡರಸ್ತೆಯೊಂದನ್ನು ನೋಡಿ. ಎರಡೂ ಬದಿಗೆ ಕಾರುಗಳ ಸಾಲು. ಕೆಲವು ರಸ್ತೆಯ ಮೇಲೆ, ಕೆಲವು ಎರಡು ಚಕ್ರ ರಸ್ತೆಯಲ್ಲಿ ಎರಡು ಚಕ್ರ ಫುಟ್‌ಪಾತಿನಲ್ಲಿ ಇಟ್ಟು ಓರೆಯಾಗಿ, ಇನ್ನು ಕೆಲವು ಪೂರ್ತಿಯಾಗಿ ಫುಟ್‌ಪಾತಿನ ಮೇಲೆಯೇ. ಗೇಟಿಗೆ ತೂಗುಹಾಕಿದ ಫಲಕ ಹೇಳುತ್ತದೆ: ‘ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ, ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’. ಫಲಕ ಹಾಕಿದವರ ಕಾರು ಮಾತ್ರ ಅದೇ ಗೇಟಿನ ಪಕ್ಕದ ಫುಟ್‌ಪಾತಿನಲ್ಲಿ ಹೊದಿಕೆ ಹೊದ್ದು ಮಲಗಿರುತ್ತದೆ. ಕಾರು ಹೊರಗೆ ಹೋದಾಗ ಜಾಗ ಕಾಯಲು ಹೂಕುಂಡವೋ ಮುರಿದ ಕುರ್ಚಿಯೋ ಸಿಮೆಂಟು ತುಂಬಿದ ಡಬ್ಬವೋ ಕುಳಿತಿರುತ್ತದೆ. ಕೋಲೂರಿ ಬರುವ ಅಜ್ಜ, ಶಾಲೆಯ ಮಗು, ಗಾಲಿಕುರ್ಚಿಯವರು, ಕಣ್ಣು ಕಾಣದವರು ಎಲ್ಲರೂ ರಸ್ತೆಯ ನಡುವಿಗೆ ಇಳಿಯಲೇಬೇಕು.

ಇದನ್ನು ನಾಗರಿಕ ಪ್ರಜ್ಞೆಯ ಕೊರತೆ ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಒಬ್ಬಿಬ್ಬರಲ್ಲ, ಒಂದು ನಗರಕ್ಕೆ ನಗರವೇ ಹೀಗೆ ನಡೆದುಕೊಳ್ಳುವಾಗ ಕಾರಣ ಬರೀ ಸ್ವಭಾವದಲ್ಲಿ ಇರಲಾರದು. ನಮ್ಮ ಬೀದಿಗಳು ಬೆಳೆದುಬಂದ ಬಗೆಯಲ್ಲೂ ಅದನ್ನು ಹುಡುಕಬೇಕಾಗುತ್ತದೆ.

ಹಸಿವಿದ್ದ ವಾಹನಗಳು

ಮೋಟಾರು ಬರುವ ಮೊದಲು ಇಂದಿನ ಅರ್ಥದ ‘ಪಾರ್ಕಿಂಗ್’ ಹೆಚ್ಚೇನೂ ಇರಲಿಲ್ಲ. 1537ರ ಸುಮಾರಿಗೆ ಕೆಂಪೇಗೌಡರು ಕಟ್ಟಿದರೆನ್ನುವ ಬೆಂಗಳೂರು ಪೇಟೆಯಲ್ಲಿ ದೊಡ್ಡಪೇಟೆ, ಚಿಕ್ಕಪೇಟೆ ಬೀದಿಗಳು ಒಂದನ್ನೊಂದು ಕತ್ತರಿಸುವ ಚೌಕದ ಸುತ್ತ ಅಕ್ಕಿಪೇಟೆ, ತರಗುಪೇಟೆ, ಕುಂಬಾರಪೇಟೆ ಎಂದು ಕಸುಬಿಗೊಂದು ಪೇಟೆ ಬೆಳೆಯಿತು. ಬಂಡಿಗಳು ಬರುತ್ತಿದ್ದವು, ಸರಕು ಇಳಿಸುತ್ತಿದ್ದವು. ಇಕ್ಕಟ್ಟೂ ಜಗಳವೂ ಆಗಲೂ ಇದ್ದಿರಲೇಬೇಕು. ಆದರೆ ಎತ್ತಿಗೆ ಹೊಟ್ಟೆಯಿದೆ. ಅದಕ್ಕೆ ಹುಲ್ಲು ಬೇಕು, ನೀರು ಬೇಕು, ರಾತ್ರಿಗೆ ಕೊಟ್ಟಿಗೆ ಬೇಕು. ಕೊರಳು ಬಿಚ್ಚಿದ ಎತ್ತುಗಳನ್ನು ಯಾರದೋ ಮನೆ ಬಾಗಿಲಲ್ಲಿ ಮೂರು ದಿನ ಬಿಟ್ಟುಹೋಗಲು ಯಾರಿಗೂ ಸಾಧ್ಯವಿರಲಿಲ್ಲ. ಜಟಕಾದ ಕುದುರೆಯ ಪಾಡೂ ಅಷ್ಟೇ. ಗಾಡಿ ಇಟ್ಟುಕೊಳ್ಳುವವನು ಮೊದಲು ಲಾಯವನ್ನೋ ಕೊಟ್ಟಿಗೆಯನ್ನೋ ಹೊಂದಿಸಿಕೊಳ್ಳಬೇಕಿತ್ತು.

ಕಾರಿಗೆ ಈ ಹಂಗಿಲ್ಲ. ನಿಂತಲ್ಲಿ ಅದು ಏನನ್ನೂ ಕೇಳುವುದಿಲ್ಲ. ವಾರಗಟ್ಟಲೆ ಮರೆತುಬಿಟ್ಟರೂ ಸಾಯುವುದಿಲ್ಲ. ಮನೆಯಲ್ಲಿ ಒಂದಡಿ ಜಾಗವಿಲ್ಲದವನೂ ವಾಹನದ ಒಡೆಯನಾಗಲು ಸಾಧ್ಯವಾದದ್ದು ಈ ಗುಣದಿಂದ. ಮೊದಮೊದಲಿಗೆ ಮೋಟಾರು ಕೊಂಡ ಸಿರಿವಂತರು ಹಳೆಯ ರೂಢಿಯಂತೆ ಅದಕ್ಕೂ ಕಾಂಪೌಂಡಿನೊಳಗೆ ಒಂದು ಶೆಡ್ಡು ಕಟ್ಟಿಸಿದರು. ಕಾರು ಕೆಲವರ ಸೊತ್ತಾಗಿರುವವರೆಗೂ ಬೀದಿಗೆ ತೊಂದರೆಯಿರಲಿಲ್ಲ.

ಮೋರಿಯ ಮೇಲಿನ ದಾರಿ

ಇನ್ನು ಫುಟ್‌ಪಾತಿನ ಕಥೆ. ಹಳೆಯ ಪೇಟೆ ಬೀದಿಯಲ್ಲಿ ಫುಟ್‌ಪಾತ್ ಎಂಬ ಪ್ರತ್ಯೇಕ ಪಟ್ಟಿ ಇರಲಿಲ್ಲ. ಅದರ ಬದಲು ಜಗಲಿ ಇತ್ತು. ಜಗಲಿ ಮನೆಯವರದೇ, ಆದರೆ ದಾರಿಹೋಕನೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಿತ್ತು. ತರಕಾರಿಯವಳು ಬುಟ್ಟಿ ಇಳಿಸುತ್ತಿದ್ದಳು, ಮಳೆ ಬಂದರೆ ಯಾರಾದರೂ ಹತ್ತಿ ನಿಲ್ಲುತ್ತಿದ್ದರು. ಜಗಲಿಗೆ ಜಾತಿಯ ಕಟ್ಟಳೆಗಳಿದ್ದವು ಎಂಬುದನ್ನು ಮರೆತು ಹಳೆಯ ಕಾಲವನ್ನು ಹೊಗಳಬೇಕಾಗಿಲ್ಲ. ಆದರೂ ಮನೆ ತನ್ನ ಅಂಚನ್ನು ಬೀದಿಗೆ ಬಿಟ್ಟುಕೊಡುವ ಏರ್ಪಾಡು ಅದು ಎಂಬುದಂತೂ ನಿಜ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು, ಉಳಿದವರು ಊರು ಬಿಟ್ಟರು. ಆ ದಶಕದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಪ್ಲೇಗಿನ ಪಾಠದಿಂದ ಕಲಿತು ಬೆಳೆದವು. ನೇರ ರಸ್ತೆಗಳು, ಮನೆಯ ಸುತ್ತ ಗಾಳಿ ಬೆಳಕಿಗೆ ಖಾಲಿ ಜಾಗ, ಹಿಂಬದಿಯಲ್ಲಿ ಕನ್ಸರ್ವೆನ್ಸಿ ಓಣಿ, ರಸ್ತೆಯ ಎರಡೂ ಬದಿ ಮೋರಿ. ಇದು ಆರೋಗ್ಯದ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಆದರೆ ಮನೆ ಬೀದಿಯಿಂದ ಹಿಂದೆ ಸರಿಯಿತು. ಜಗಲಿ ಹೋಗಿ ಕಾಂಪೌಂಡು ಗೋಡೆ, ಗೇಟು ಬಂದವು.

ಮುಂದೆ ನಗರದ ಬಹುಪಾಲು ಬಡಾವಣೆಗಳಲ್ಲಿ ಫುಟ್‌ಪಾತ್ ಎಂದರೆ ಮೋರಿಯ ಮೇಲೆ ಹಾಸಿದ ಕಲ್ಲುಚಪ್ಪಡಿ ಎಂದಾಯಿತು. ನಡೆಯುವವರಿಗೆ ಇಷ್ಟಗಲ ಜಾಗ ಬೇಕು ಎಂದು ಅಳೆದು ಕೊಟ್ಟದ್ದಲ್ಲ, ನೀರಿಗೆ ಬೇಕಾದ ಅಗಲಕ್ಕೆ ಮುಚ್ಚಳ ಹಾಕಿ ಅದರ ಮೇಲೆ ನಡೆಯಿರಿ ಎಂದದ್ದು. ಹಾಗಾಗಿ ಎಲ್ಲಿ ಚಪ್ಪಡಿ ಮುರಿಯಿತೋ ಅಲ್ಲಿ ದಾರಿ ಮುಗಿಯಿತು. ಮನೆಯವರು ಗೇಟಿನೊಳಕ್ಕೆ ವಾಹನ ಹತ್ತಿಸಲು ಇಳಿಜಾರು ಕಟ್ಟಿದಾಗಲೂ ಅದು ಮತ್ತೊಬ್ಬರ ದಾರಿಯ ಮೇಲಿನ ಅತಿಕ್ರಮಣ ಎಂದು ಯಾರಿಗೂ ಅನಿಸಲಿಲ್ಲ. ಮೋರಿಗೆ ತೊಂದರೆಯಾಗದಿದ್ದರೆ ಸರಿ. ಹುಟ್ಟಿನಿಂದಲೇ ಹಕ್ಕಿನ ರೂಪ ಪಡೆಯದ ಜಾಗ ಕೈಬಿಟ್ಟು ಹೋಗುವುದೂ ಸುಲಭ.

ಸೈಕಲ್ಲಿನಿಂದ ಮಾರುತಿಗೆ

ನಗರ ಸುಧಾರಣಾ ಟ್ರಸ್ಟ್ ಬೋರ್ಡ್ 1945ರಲ್ಲಿ ಸ್ಥಾಪನೆಯಾಗಿ, ನಾಲ್ಕು ವರ್ಷಗಳೊಳಗೆ ಜಯನಗರ, ರಾಜಾಜಿನಗರಗಳು ಆರಂಭವಾದವು. ಆಗಿನ ಬೆಂಗಳೂರು ಸೈಕಲ್ಲಿನ ಊರು. 1940ರ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿಗಳ ಕಾರ್ಮಿಕರು ಸೈಕಲ್ ತುಳಿದೋ ಕಾರ್ಖಾನೆಯ ಬಸ್ಸು ಹಿಡಿದೋ ಹೋಗುತ್ತಿದ್ದರು. ಸಂಜೆ ಸೈಕಲ್ಲನ್ನು ವರಾಂಡಕ್ಕೆ ಎತ್ತಿಟ್ಟು ಬೀಗ ಹಾಕುತ್ತಿದ್ದರು. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲದಲ್ಲಿ, ಕೊನೆಗೂ ಕೈಗೆ ಬಂದ ಸ್ಕೂಟರನ್ನು ಹಲಗೆ ಹಾಸಿ ಮನೆಯೊಳಕ್ಕೇ ತಳ್ಳಿಕೊಳ್ಳುತ್ತಿದ್ದರು. ಮೂವತ್ತು-ನಲವತ್ತರ ಸೈಟಿನಲ್ಲಿ ಒಂದು ಸಂಸಾರ, ಒಂದು ಮನೆ, ಮುಂದೆ ನಾಲ್ಕು ಹೂಗಿಡ. ಬಡಾವಣೆಯ ನಕ್ಷೆ ಬರೆದವರ ಎಣಿಕೆ ಇದಾಗಿತ್ತು.

1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ರಸ್ತೆಗಿಳಿಯಿತು. 1991ರ ಆರ್ಥಿಕ ಉದಾರೀಕರಣದ ನಂತರ ಕಂಪನಿಗಳೂ ಹೆಚ್ಚಿದವು, ಸಾಲವೂ ಸಲೀಸಾಯಿತು. ಇದೇ ಹೊತ್ತಿಗೆ ಸೈಟಿನ ಬೆಲೆ ಏರಿ ಒಂದು ಮನೆಯ ಜಾಗದಲ್ಲಿ ಮೂರು ನಾಲ್ಕು ಮಹಡಿ ಎದ್ದವು. ಸಂಸಾರಗಳು ನಾಲ್ಕಾದವು, ವಾಹನಗಳು ಎಂಟಾದವು, ರಸ್ತೆಯ ಅಗಲ ಮಾತ್ರ ಹಾಗೆಯೇ ಉಳಿಯಿತು. ನಕ್ಷೆಯಲ್ಲಿ ವಾಹನಕ್ಕೆಂದು ತೋರಿಸಿದ ನೆಲಮಾಳಿಗೆಯು ಎಷ್ಟೋ ಕಡೆ ಅಂಗಡಿಯಾಯಿತು, ಗೋದಾಮಾಯಿತು, ಬಾಡಿಗೆಯ ಕೋಣೆಯಾಯಿತು. ಒಳಗಿನ ಜಾಗದಿಂದ ಬಾಡಿಗೆ ಬರುತ್ತದೆ, ಹೊರಗಿನ ಜಾಗಕ್ಕೆ ಬಾಡಿಗೆ ಕೊಡಬೇಕಾಗಿಲ್ಲ. ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಈಗ ಒಂದು ಕೋಟಿಯನ್ನು ದಾಟಿದೆ.

ಈ ಪುಕ್ಕಟೆ ಜಾಗದ ಬೆಲೆಯನ್ನು ನಾವು ಸಾಮಾನ್ಯವಾಗಿ ಲೆಕ್ಕ ಹಾಕುವುದಿಲ್ಲ. ಒಂದು ಕಾರು ನಿಲ್ಲಲು ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಬೇಕು ಎಂದಿಟ್ಟುಕೊಂಡರೆ ಅದು ಸುಮಾರು 135 ಚದರಡಿ, ಅಂದರೆ ಒಂದು ಸಾಧಾರಣ ಮಲಗುವ ಕೋಣೆ. ಮೂವತ್ತು-ನಲವತ್ತರ ಸೈಟಿನ ಒಂಬತ್ತನೇ ಒಂದು ಪಾಲು. ಅಷ್ಟು ನೆಲವನ್ನು ಯಾವ ಕ್ರಯಪತ್ರವೂ ಇಲ್ಲದೆ ಅನುಭವಿಸುತ್ತಾ, ಮತ್ತೊಬ್ಬರು ಅಲ್ಲಿ ವಾಹನ ಇಟ್ಟರೆ ಜಗಳಕ್ಕೆ ನಿಲ್ಲುತ್ತೇವೆ. ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಎಂಬ ಗಾದೆ ನೆನಪಾಗುವುದು ಇಲ್ಲಿ.

ಕಾನೂನು ಏನನ್ನುತ್ತದೆ?

ಕಾನೂನಿಲ್ಲ ಎನ್ನುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯ, ಅಡ್ಡಿ ಅಥವಾ ಅನಗತ್ಯ ತೊಂದರೆಯಾಗುವಂತೆ ವಾಹನ ಬಿಟ್ಟುಹೋಗುವುದು ತಪ್ಪು. ನಿಷೇಧಿತ ಜಾಗದಲ್ಲಿ ನಿಂತ ವಾಹನವನ್ನು ಎತ್ತಿಕೊಂಡು ಹೋಗಲು 127ನೇ ಕಲಮು ಅವಕಾಶ ಕೊಡುತ್ತದೆ. 1989ರ ರಸ್ತೆ ನಿಯಮಗಳು ಫುಟ್‌ಪಾತಿನ ಮೇಲೆ ವಾಹನ ನಿಲ್ಲಿಸುವುದನ್ನು ಹೆಸರಿಸಿಯೇ ನಿಷೇಧಿಸಿದ್ದವು. ಅವುಗಳ ಜಾಗಕ್ಕೆ ಬಂದ 2017ರ ನಿಯಮಗಳೂ ಅದನ್ನೇ ಹೇಳುತ್ತವೆ. ಗೇಟಿಗೆ ಅಡ್ಡ ನಿಲ್ಲಿಸುವುದೂ ನಿಷಿದ್ಧವೇ. ಗಾಳಿ ತೆಗೆಯುವ ಬೆದರಿಕೆಯ ಫಲಕಕ್ಕೆ ಮಾತ್ರ ಯಾವ ಕಾನೂನಿನ ಬಲವೂ ಇಲ್ಲ.

ಆದರೆ ಕಾನೂನಿನ ಕಣ್ಣು ಎಲ್ಲರ ಮೇಲೂ ಒಂದೇ ಸಮನೆ ಬಿದ್ದಿಲ್ಲ. ಮುಂಬಯಿಯ ಫುಟ್‌ಪಾತ್ ನಿವಾಸಿಗಳ ಗುಡಿಸಲು ಕೀಳುವ ಪ್ರಶ್ನೆ ಓಲ್ಗಾ ಟೆಲ್ಲಿಸ್ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 1985ರ ತೀರ್ಪು ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಭಾಗ ಎಂದು ಎತ್ತಿಹಿಡಿದು ಹೆಸರಾಯಿತು. ಅದೇ ತೀರ್ಪು ಇನ್ನೊಂದನ್ನೂ ಹೇಳಿತು: ಫುಟ್‌ಪಾತ್ ಇರುವುದು ನಡೆಯುವವರಿಗಾಗಿ, ಅನುಮತಿಯಿಲ್ಲದೆ ಸಾರ್ವಜನಿಕ ಸೊತ್ತನ್ನು ಖಾಸಗಿ ಕೆಲಸಕ್ಕೆ ಬಳಸುವ ಹಕ್ಕು ಯಾರಿಗೂ ಇಲ್ಲ. ತಲೆಯ ಮೇಲೆ ಸೂರಿಲ್ಲದವರಿಗೆ ಅನ್ವಯಿಸಿದ ಈ ಮಾತನ್ನು, ಸ್ವಂತ ಮನೆಯಿದ್ದೂ ಫುಟ್‌ಪಾತಿನಲ್ಲಿ ಕಾರು ಮಲಗಿಸುವವರಿಗೆ ಅಷ್ಟೇ ಖಡಾಖಂಡಿತವಾಗಿ ಯಾರೂ ಅನ್ವಯಿಸಿದ್ದಿಲ್ಲ. ತಳ್ಳುಗಾಡಿಯವನು ಎತ್ತಂಗಡಿಯಾಗುತ್ತಾನೆ, ಕಾರು ನಿಂತೇ ಇರುತ್ತದೆ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ಪಾದಚಾರಿಯ ಹಕ್ಕು ಎಂದು ಹೇಳಿತು. ಇದು ಬರೀ ಸೌಕರ್ಯದ ಮಾತಲ್ಲ. 2022 ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 32 ಸಾವಿರಕ್ಕೂ ಹೆಚ್ಚು ಪಾದಚಾರಿಗಳು ಸತ್ತಿದ್ದಾರೆ. ಎಲ್ಲವೂ ಅಡ್ಡ ನಿಂತ ವಾಹನದಿಂದಲ್ಲ, ನಿಜ. ಆದರೆ ನಡೆಯುವವರನ್ನು ಚಲಿಸುವ ವಾಹನಗಳ ನಡುವೆ ತಳ್ಳುವ ಕಾರಣಗಳಲ್ಲಿ ಇದೂ ಒಂದು. ಎರಡೂ ಬದಿ ಕಾರು ನಿಂತ ಅಡ್ಡರಸ್ತೆಯಲ್ಲಿ ಆಂಬುಲೆನ್ಸೋ ಅಗ್ನಿಶಾಮಕ ವಾಹನವೋ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಊರುಗಳ ದಾರಿ

ಈ ರೋಗ ನಮಗೊಬ್ಬರಿಗೇ ಬಂದದ್ದಲ್ಲ. ಲಂಡನ್ ನಗರಕ್ಕೆ ಫುಟ್‌ಪಾತ್ ನಿಲುಗಡೆಯನ್ನು ನಿಷೇಧಿಸುವ ಕಾನೂನು ಬಂದದ್ದು 1974ರಲ್ಲಿ. ಸ್ಕಾಟ್ಲೆಂಡ್ 2019ರಲ್ಲಿ ಕಾನೂನು ಮಾಡಿ, ಎಡಿನ್‌ಬರೋ ನಗರ ಅದನ್ನು 2024ರ ಜನವರಿಯಲ್ಲಿ ಜಾರಿಗೆ ತಂದಿತು. ಜಪಾನ್ ಹಿಡಿದ ದಾರಿ ಇನ್ನೂ ಬುಡದ್ದು. ಅಲ್ಲಿ 1962ರ ಕಾಯ್ದೆಯ ಪ್ರಕಾರ ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ತನಗೆ ಜಾಗವಿದೆ ಎಂದು ಮೊದಲು ತೋರಿಸಬೇಕು. ಆ ಜಾಗ ಮನೆಯಿಂದ ಎರಡು ಕಿಲೋಮೀಟರಿನೊಳಗೆ ಇರಬೇಕು, ಪೊಲೀಸರು ಅದಕ್ಕೆ ಪ್ರಮಾಣಪತ್ರ ಕೊಡಬೇಕು. ನಮ್ಮ ಹಿರಿಯರು ಎತ್ತು ಕೊಳ್ಳುವ ಮುನ್ನ ಕೊಟ್ಟಿಗೆ ನೋಡಿಕೊಂಡಂತೆಯೇ ಇದು.

ಬೆಂಗಳೂರಿನಲ್ಲೂ ಪ್ರಯತ್ನ ನಡೆಯದೇ ಇಲ್ಲ. 2021ರಲ್ಲಿ ಒಪ್ಪಿಗೆ ಪಡೆದ ವಾಹನ ನಿಲುಗಡೆ ನೀತಿ, ವಸತಿ ರಸ್ತೆಗಳಲ್ಲಿ ವಾಹನ ನಿಲ್ಲಿಸಲು ಪರವಾನಗಿ ಪಡೆಯಬೇಕೆಂದು ಸೂಚಿಸಿತು. ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000. ಇದಕ್ಕೆ ವಿರೋಧ ಬಂತು, ಮನೆಮನೆಯ ಅಡ್ಡರಸ್ತೆಗೆ ಆ ಪರವಾನಗಿ ಬರಲಿಲ್ಲ. ವಾಹನ ಎತ್ತಿಕೊಂಡು ಹೋಗುವ ಟೋಯಿಂಗ್ ವ್ಯವಸ್ಥೆಯ ಮೇಲೆ ಕಿರುಕುಳದ ದೂರುಗಳು ಹೆಚ್ಚಿ 2022ರ ಆರಂಭದಲ್ಲಿ ಅದನ್ನು ನಿಲ್ಲಿಸಲಾಯಿತು. ದೂರುಗಳಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಜಾಗವಿಲ್ಲದೆ ಕಾರು ಕೊಂಡವನ ಕಷ್ಟಕ್ಕೆ ಸಿಕ್ಕಷ್ಟು ಕಿವಿ, ದಾರಿಯಿಲ್ಲದೆ ನಡೆಯುವವನ ಕಷ್ಟಕ್ಕೆ ಸಿಕ್ಕಿಲ್ಲ.

ಎಲ್ಲ ಕಾರುಗಳನ್ನೂ ನಾಳೆಯೇ ಬೀದಿಯಿಂದ ತೆಗೆಯುವುದು ಆಗದ ಮಾತು. ಆದರೆ ರಸ್ತೆಯ ಮೇಲೆ ನಿಲ್ಲಿಸುವುದು ಬೇರೆ, ಫುಟ್‌ಪಾತಿನ ಮೇಲೆ ನಿಲ್ಲಿಸುವುದು ಬೇರೆ. ಮೊದಲನೆಯದಕ್ಕೆ ಶುಲ್ಕ, ಸರದಿ, ಒಂದೇ ಬದಿಯ ನಿಲುಗಡೆ ಮುಂತಾದ ಏರ್ಪಾಡುಗಳನ್ನು ಚರ್ಚಿಸಬಹುದು. ಎರಡನೆಯದರಲ್ಲಿ ಚರ್ಚೆಗೆ ಏನೂ ಇಲ್ಲ. ವಸತಿ ಪ್ರದೇಶದಲ್ಲಿ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರಡಿ ಅಗಲದ ಅಡೆತಡೆಯಿಲ್ಲದ ನಡೆದಾರಿ ಇರಬೇಕು, ಅದರ ಅಂಚುಗಲ್ಲು 15 ಸೆಂಟಿಮೀಟರಿಗಿಂತ ಎತ್ತರವಿರಬಾರದು ಎನ್ನುತ್ತದೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಲು ಅಷ್ಟು ಜಾಗ ಬೇಕೇ ಬೇಕು. ಇಡೀ ರಸ್ತೆಯನ್ನು ವಾಹನಗಳಿಗೆ ಕೊಟ್ಟ ಮೇಲೆ, ನಡೆಯುವವರು ಕೇಳುತ್ತಿರುವುದು ಈ ಆರಡಿಯನ್ನು ಮಾತ್ರ. ಅದನ್ನು ಬಿಡುವುದಕ್ಕೆ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ, ಇಂದು ರಾತ್ರಿ ಕಾರು ನಿಲ್ಲಿಸುವಾಗಲೇ ಬಿಡಬಹುದು.