ವಿದ್ಯುತ್ ವಾಹನಗಳ ವೋಲ್ಟೇಜ್ ಪರಿವರ್ತಕಗಳು: ಇತಿಹಾಸ

ವಿದ್ಯುತ್ ವಾಹನದ ಬ್ಯಾಟರಿ ಕೊಡುವ ಡಿಸಿ ವಿದ್ಯುತ್ತನ್ನು ಮೋಟಾರು, ದೀಪ, ವೈಪರ್ ಮೊದಲಾದವಕ್ಕೆ ಹೊಂದುವ ವೋಲ್ಟೇಜಿಗೂ ರೂಪಕ್ಕೂ ಬದಲಿಸುವ ಸಾಧನಗಳು. ಡಿಸಿಯನ್ನು ಮೂರು ಫೇಸಿನ ಎಸಿಯಾಗಿಸಿ ಮೋಟಾರಿಗೆ ಒದಗಿಸುವುದು ಇನ್ವರ್ಟರ್; ಹೆಚ್ಚಿನ ವೋಲ್ಟೇಜನ್ನು ತಗ್ಗಿಸಿ ಉಳಿದ ಉಪಕರಣಗಳಿಗೆ ಹಂಚುವುದು ಡಿಸಿ–ಡಿಸಿ ಪರಿವರ್ತಕ. ವಿದ್ಯುತ್ ವಾಹನಗಳ ಚರಿತ್ರೆಯನ್ನು ಬ್ಯಾಟರಿಯ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಆದರೆ ಪರಿವರ್ತಕಗಳ ಮಟ್ಟಿಗೆ ಮುಖ್ಯ ತಿರುವುಗಳೆಲ್ಲ ವಿದ್ಯುತ್ತನ್ನು ಹರಿಸಿ ತಡೆಯುವ ಸ್ವಿಚ್ಚಿಗೆ ಸಂಬಂಧಿಸಿದವು.

ಆರಂಭ

19ನೆಯ ಶತಮಾನದ ಕೊನೆಯ ವಾಹನಗಳಲ್ಲಿ ಪರಿವರ್ತಕವೇ ಇರಲಿಲ್ಲ. ಚಾಲಕ ಡ್ರಮ್ ಕಂಟ್ರೋಲರಿನ ಹಿಡಿ ತಿರುಗಿಸಿ ಬ್ಯಾಟರಿ ಗುಂಪುಗಳನ್ನು ಸರಣಿಯಲ್ಲೋ ಸಮಾಂತರವಾಗಿಯೋ ಜೋಡಿಸುತ್ತಿದ್ದ; ನಡುವಿನ ವೇಗಗಳಿಗೆ ರೋಧಕ ಬಳಸಿದರೆ ಶಕ್ತಿ ಶಾಖವಾಗಿ ಪೋಲಾಗುತ್ತಿತ್ತು. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಥೈರಿಸ್ಟರನ್ನು ಹೊರತಂದ ಮೇಲೆ, ವಿದ್ಯುತ್ತನ್ನು ತುಂಡು ತುಂಡಾಗಿ ಬಿಟ್ಟು ಸರಾಸರಿ ವೋಲ್ಟೇಜನ್ನು ನಿಯಂತ್ರಿಸುವ ಚಾಪರ್‌ಗಳು ಬಂದವು. ಜನರಲ್ ಮೋಟಾರ್ಸ್ 1966ರಲ್ಲಿ ತೋರಿಸಿದ ಎಲೆಕ್ಟ್ರೋವೇರ್ 2 ಕಾರಿನಲ್ಲಿ 500 ವೋಲ್ಟ್ ಮೀರಿದ ಬೆಳ್ಳಿ–ಸತು ಬ್ಯಾಟರಿಯಿಂದ ಎಸಿ ಇಂಡಕ್ಷನ್ ಮೋಟಾರನ್ನು ಓಡಿಸಲಾಯಿತು. ಆದರೆ ಡಿಸಿ ಮಂಡಲದಲ್ಲಿ ಒಮ್ಮೆ ಹೊತ್ತಿಕೊಂಡ ಥೈರಿಸ್ಟರ್ ತಾನಾಗಿ ಆರದು. ಆರಿಸಲೆಂದೇ ಬೇರೆ ಮಂಡಲ ಬೇಕಾಗುತ್ತಿತ್ತು.

ಐಜಿಬಿಟಿ: ಶ್ರೇಯಸ್ಸಿನ ಪ್ರಶ್ನೆ

ಥೈರಿಸ್ಟರಿನ ಬದಲಿಗೆ ಬಳಸಬಹುದಾದ ಸ್ವಿಚ್ಚುಗಳಲ್ಲಿ ಬೈಪೋಲಾರ್ ಟ್ರಾನ್ಸಿಸ್ಟರಿಗೆ ನಿಯಂತ್ರಣಕ್ಕೇ ಬಹಳ ಕರೆಂಟ್ ಬೇಕು. ಮಾಸ್‌ಫೆಟ್ ನಿಯಂತ್ರಣ ಸುಲಭ, ಆದರೆ ಹೆಚ್ಚಿನ ವೋಲ್ಟೇಜಿನಲ್ಲಿ ನಷ್ಟ ಹೆಚ್ಚು. ಎರಡರ ಅನುಕೂಲವನ್ನೂ ಕೂಡಿಸಿದ್ದು ಐಜಿಬಿಟಿ. ಇದರ ಜನಕರೆಂದು ಬಿ. ಜಯಂತ್ ಬಾಳಿಗರನ್ನು ಹೆಸರಿಸುವುದುಂಟು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಾಳಿಗ ಮದ್ರಾಸ್ ಐಐಟಿಯಲ್ಲಿ ಓದಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಸಂಶೋಧಕರಾಗಿದ್ದವರು.

ದಾಖಲೆಗಳು ಮಾತ್ರ ಒಂದೇ ಹೆಸರಿಗೆ ನಿಲ್ಲುವುದಿಲ್ಲ. ಐಜಿಬಿಟಿಗೆ ಹತ್ತಿರದ ರಚನೆಗೆ ಜಪಾನಿನಲ್ಲಿ 1968ರಲ್ಲೇ ಯಾಮಾಗಾಮಿ ಪೇಟೆಂಟ್ ಕೋರಿದ್ದರು. 1978ರಲ್ಲಿ ಜೇಮ್ಸ್ ಪ್ಲಮರ್ ಅರ್ಜಿ ಹಾಕಿದರು. ಬಾಳಿಗರ ಮೊದಲ ಪ್ರಯೋಗ ವರದಿ 1979ರದು. ಆರ್‌ಸಿಎ ಕಂಪನಿಯ ಹಾನ್ಸ್ ಬೆಕ್ ಮತ್ತು ಕಾರ್ಲ್ ವೀಟ್ಲಿ 1980ರಲ್ಲಿ ಸಲ್ಲಿಸಿದ ಅರ್ಜಿಗೆ 1982ರಲ್ಲಿ ಪೇಟೆಂಟ್ ದೊರೆಯಿತು. ಅದೇ ವರ್ಷ ಬಾಳಿಗರ ತಂಡ ತನ್ನ ಸಾಧನದ ವಿವರಗಳನ್ನು ಪ್ರಕಟಿಸಿತು. ಆಗಿನ ಸಾಧನಗಳು ಕರೆಂಟ್ ಮಿತಿಮೀರಿದರೆ ಆರದೆ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಈ ದೋಷವಿಲ್ಲದ ವಿನ್ಯಾಸವನ್ನು ತೋಶಿಬಾದ ಅಕಿಯೋ ನಕಗಾವಾ 1984ರಲ್ಲಿ ತೋರಿಸಿದರು. ಹೀಗೆ ರಚನೆಯ ಕಲ್ಪನೆ, ಬಳಕೆಗೆ ಬರುವ ರೂಪ, ದೋಷನಿವಾರಣೆ ಬೇರೆ ಬೇರೆ ಕೈಗಳಿಂದ ಆದವು. ಸಾಧನವನ್ನು ಕಾರ್ಖಾನೆಗೂ ಮಾರುಕಟ್ಟೆಗೂ ತಲುಪಿಸಿದ್ದರಲ್ಲಿ ಬಾಳಿಗರ ಪಾತ್ರ ದೊಡ್ಡದು. 2014ರಲ್ಲಿ ಐಇಇಇ ಗೌರವ ಪದಕವೂ 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿಯೂ ಅವರಿಗೆ ಸಂದವು.

1990ರ ನಂತರ

ಜನರಲ್ ಮೋಟಾರ್ಸ್‌ನ ಇಂಪ್ಯಾಕ್ಟ್ ಮಾದರಿಗೆ (1990) ಅಲನ್ ಕೊಕೋನಿ ಮಾಸ್‌ಫೆಟ್ ಇನ್ವರ್ಟರ್ ರೂಪಿಸಿದರು. ಅದರಿಂದ ಬೆಳೆದ ಇವಿ1 (1996) ಐಜಿಬಿಟಿ ಬಳಸಿತು. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ 48 ವೋಲ್ಟ್ ಬ್ಯಾಟರಿ, ಡಿಸಿ ಮೋಟಾರಿನ ಕಾರು. ಮುಂದೆ ರೇವಾ-ಐ ಎಸಿ ಮೋಟಾರಿಗೆ ಹೊರಳಿತು. 2003ರ ಟೊಯೋಟಾ ಪ್ರಿಯಸ್ 201.6 ವೋಲ್ಟ್ ಬ್ಯಾಟರಿಯಿಂದ 500 ವೋಲ್ಟ್‌ವರೆಗೆ ಏರಿಸುವ ಪರಿವರ್ತಕ ಹೊಂದಿತ್ತು. 2017ರ ಟೆಸ್ಲಾ ಮಾಡೆಲ್ 3 ಐಜಿಬಿಟಿಯ ಜಾಗದಲ್ಲಿ ನಷ್ಟ ಕಡಿಮೆಯಿರುವ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್‌ಗಳನ್ನು ತಂದಿತು. 2019ರ ಪೋರ್ಷೆ ಟೈಕಾನ್ 800 ವೋಲ್ಟಿಗೆ ಏರಿತು: ವೋಲ್ಟೇಜ್ ಇಮ್ಮಡಿಯಾದರೆ ಅದೇ ಶಕ್ತಿಗೆ ಅರ್ಧ ಕರೆಂಟ್ ಸಾಕು, ತಂತಿಯೂ ತೆಳುವಾಗಬಹುದು.

ಉಪಕರಣಗಳ ವಿದ್ಯುತ್

ಪೆಟ್ರೋಲ್ ಕಾರಿನಲ್ಲಿ ಆಲ್ಟರ್ನೇಟರ್ ಮಾಡುವ ಕೆಲಸ ಇಲ್ಲಿ ಡಿಸಿ–ಡಿಸಿ ಪರಿವರ್ತಕದ್ದು. ಬ್ಯಾಟರಿಯ ಕೆಲವೇ ಸೆಲ್‌ಗಳಿಂದ ದೀಪಕ್ಕೆ ವಿದ್ಯುತ್ ಪಡೆದರೆ ಅವು ಮಾತ್ರ ಬೇಗ ಬರಿದಾಗುತ್ತವೆ. ಪರಿವರ್ತಕ ಆ ಹೊರೆಯನ್ನು ಇಡೀ ಬ್ಯಾಟರಿಗೆ ಹಂಚುತ್ತದೆ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಅಪಾಯಕಾರಿ ವೋಲ್ಟೇಜನ್ನು ಕಾರಿನ ಕವಚದಿಂದ ಬೇರ್ಪಡಿಸುತ್ತದೆ. 2023ರಲ್ಲಿ ಟೆಸ್ಲಾ ಸೈಬರ್‌ಟ್ರಕ್ ಉಪಕರಣಗಳಿಗೆ ವಿದ್ಯುತ್ ಹಂಚುವ ಜಾಲವನ್ನು 48 ವೋಲ್ಟಿಗೆ ಏರಿಸಿತು. ಆದರೆ ಪೆಟ್ರೋಲ್ ಕಾರುಗಳಿಗೆಂದು ತಯಾರಾಗುವ ಬಿಡಿಭಾಗಗಳೇ ಹೇರಳವಾಗಿರುವುದರಿಂದ ಬಹುಪಾಲು ವಿದ್ಯುತ್ ಕಾರುಗಳ ದೀಪ, ಹಾರ್ನ್‌ಗಳು ಇಂದಿಗೂ 12 ವೋಲ್ಟಿನಲ್ಲೇ ನಡೆಯುತ್ತವೆ.